ಮಾಕುಟ್ಟ ಘಾಟಿಯಲ್ಲಿ ಜಿಪಿಎಸ್ ಇಲ್ಲದೆ ಓಡಿದ ಮ್ಯಾಪ್: ನನ್ನ ಅನುಭವ

ಕೊಡಗಿನ ಪೆರುಂಬಾಡಿಯಿಂದ ಘಾಟಿ ಇಳಿದು ಕೇರಳ ಗಡಿಯ ಕೂಟುಪುಳ ಸೇತುವೆ ಮುಟ್ಟುವವರೆಗೂ ಮ್ಯಾಪಿನ ಬಾಣ ರಸ್ತೆ ಬಿಡಲಿಲ್ಲ. ಈ ಕಾಡಿನಲ್ಲಿ ಜಿಪಿಎಸ್ ನಂಬುವಂತಿಲ್ಲ, ಅದಕ್ಕೆ ಚಕ್ರ ಮತ್ತು ತಿರುವುಗಳ ಲೆಕ್ಕದಲ್ಲೇ ಬಾಣ ಓಡಲಿ ಎಂದು ಜಿಪಿಎಸ್ ಆಂಟೆನಾ ಕಿತ್ತು ಪಕ್ಕಕ್ಕಿಟ್ಟಿದ್ದೆ. ಕೊನೆಗೆ ತಪ್ಪಿದ್ದು ಮೂವತ್ತು ನಲವತ್ತು ಮೀಟರ್ ಅಷ್ಟೇ. "ಇರೋದೇ ಒಂದು ರಸ್ತೆ, ಅದಕ್ಕೊಂದು ಮ್ಯಾಪ್ ಬೇರೆ ಕೇಡು" ಎಂದು ನಕ್ಕಿದ್ದ ಗೆಳೆಯರು ಹಿಂದಿನ ಸೀಟಿನಲ್ಲೇ ಇದ್ದರು. ಒಂದೇ ರಸ್ತೆ ಇದ್ದದ್ದೇ ನನಗೆ ಅನುಕೂಲವಾಯಿತು.

ದುಡ್ಡು ಮಾತ್ರ ಚೆನ್ನಾಗಿ ಹೋಯಿತು. ಫೋನಿನ ಸೆನ್ಸರ್ ನಂಬಿದರೆ, ಗುಂಡಿ ಸಿಕ್ಕಾಗಲೆಲ್ಲ ಹೋಲ್ಡರ್ ಕುಣಿದು ಲೆಕ್ಕ ಹಾಳು. ಆಮೇಲೆ ರೆಡಿಮೇಡ್ ಡೆಡ್ ರೆಕನಿಂಗ್ ಮಾಡ್ಯೂಲಿಗೆ, ಅಂದರೆ ಸಿಗ್ನಲ್ ಇಲ್ಲದಾಗ ವೇಗ ಮತ್ತು ದಿಕ್ಕಿನಿಂದಲೇ ಜಾಗ ಲೆಕ್ಕ ಹಾಕುವ ಜಿಪಿಎಸ್ ಚಿಪ್ಪಿಗೆ, ಏಳೆಂಟು ಸಾವಿರ ಸುರಿದೆ. ಸುರಂಗಕ್ಕೆ ಅದು ಸರಿ, ಅಲ್ಲಿ ಸಿಗ್ನಲ್ ಪೂರ್ತಿ ಹೋಗುತ್ತದೆ. ನಮ್ಮ ಕಾಡಿನಲ್ಲಿ ಹಾಗಲ್ಲ. ಒದ್ದೆ ಎಲೆಗಳ ಕೆಳಗೆ ಅರ್ಧಂಬರ್ಧ ಬರುತ್ತದೆ, ಬೆಟ್ಟಕ್ಕೆ ಬಡಿದು ಸುತ್ತಿ ಬರುತ್ತದೆ. ಮಾಡ್ಯೂಲ್ ಆ ಸುಳ್ಳನ್ನು ನಂಬಿ, ಕಾರು ಎಷ್ಟು ತಿರುಗಿತು ಎಂದು ಅಳೆಯುವ ಜೈರೋ ಸೆನ್ಸರಿನ ಲೆಕ್ಕವನ್ನೂ ಕೆಡಿಸಿಕೊಳ್ಳುತ್ತಿತ್ತು.

ಈಗಿರುವುದು ಲೆಕ್ಕ ಮಾಡುವ ಪುಟ್ಟ ಕಂಪ್ಯೂಟರ್ ಚಿಪ್ಪು ಇಎಸ್‌ಪಿ32, ಜೈರೋ ಇರುವ ಎಂಪಿಯು-6050, ಗಾಳಿಯ ಒತ್ತಡ ಅಳೆಯುವ ಬಿಎಂಪಿ280. ಎಲ್ಲ ಸೇರಿ ಸಾವಿರದ ಆಸುಪಾಸು. ಕಾರಿನ ದೋಷ ಪರೀಕ್ಷೆಯ ಸಾಕೆಟ್ ಆದ ಓಬಿಡಿಯಿಂದ ಸಿಗುವ ವೇಗ ಸಾಲಲಿಲ್ಲ. ಅದು ಗಂಟೆಗೆ ಇಷ್ಟು ಕಿ.ಮೀ. ಎಂದು ಪೂರ್ಣ ಸಂಖ್ಯೆಯಲ್ಲೇ ಬರುತ್ತದೆ, ತಿರುವಿನಲ್ಲಿ ಹದಿನೈದರಲ್ಲಿ ಹೋಗುವಾಗ ಅಷ್ಟು ತಪ್ಪು ಜಾಸ್ತಿಯಾಯಿತು. ಹಾಗಾಗಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಳೆಯುವ ಚಕ್ರದ ವೇಗವನ್ನು ಕ್ಯಾನ್ ಬಸ್ಸಿನಿಂದ, ಅಂದರೆ ಕಾರಿನ ಭಾಗಗಳು ಪರಸ್ಪರ ಮಾತಾಡುವ ತಂತಿಯಿಂದ, ಓದಿದೆ. ಓದುವುದು ಮಾತ್ರ, ಏನೂ ಕಳಿಸಬೇಡಿ. ಬ್ರೇಕಿನ ವಿಷಯ. ಅದರಲ್ಲೂ ಹಿಂದಿನ ಚಕ್ರಗಳದ್ದೇ ಬೇಕು. ನನ್ನದು ಮುಂದಿನ ಚಕ್ರ ಎಳೆಯುವ ಕಾರು, ಕೆಸರಿನಲ್ಲಿ ಅವು ಸುಮ್ನೆ ತಿರುಗಿ ಹೋಗದ ದೂರ ತೋರಿಸುತ್ತವೆ.

ಕೆಲಸ ಮಾಡಿದ್ದು ಹೇರ್‌ಪಿನ್ ತಿರುವುಗಳು. ಜೈರೋ 180 ಡಿಗ್ರಿ ಹತ್ತಿರ ತಿರುಗಿದರೆ ಬಾಣವನ್ನು ಮ್ಯಾಪಿನ ಆ ತಿರುವಿಗೆ ಕೂರಿಸುತ್ತೇನೆ. ಅಲ್ಲಿವರೆಗೆ ದೂರದ ಲೆಕ್ಕದಲ್ಲಿ ಸೇರಿಕೊಂಡ ತಪ್ಪು ಅಲ್ಲಿಗೇ ಮುಗಿಯಿತು. ಯಾವ ತಿರುವು ಅನ್ನುವ ಅನುಮಾನ ಬಂದರೆ ಗಾಳಿಯ ಒತ್ತಡ ಕೇಳಬೇಕು. ಸುಮಾರು ಎಂಟೊಂಬತ್ತು ಮೀಟರ್ ಇಳಿದರೆ ಒತ್ತಡ ಒಂದು ಹೆಕ್ಟೋಪಾಸ್ಕಲ್ ಏರುತ್ತದೆ. ಮಳೆಗಾಲದಲ್ಲಿ ಒತ್ತಡ ತಾನಾಗೇ ಏರಿಳಿಯುತ್ತದೆ ಅಲ್ವಾ, ಅದಕ್ಕೆ ಎತ್ತರ ನೋಡದೆ ಎರಡು ತಿರುವುಗಳ ನಡುವಿನ ಇಳಿತ ಮಾತ್ರ ನೋಡುತ್ತೇನೆ. ದಿಕ್ಸೂಚಿ ಚಿಪ್ಪನ್ನೂ ಹಾಕಿ ನೋಡಿದೆ. ವೈಪರ್ ಹಾಕಿದರೆ ಉತ್ತರ ದಿಕ್ಕೇ ಓಡಾಡಿತು. ವೈಪರ್ ಇಲ್ಲದೆ ಇಲ್ಲಿ ಜುಲೈ ಕಳೆಯುವವರು ಯಾರು?

ಬಿಸಿಯೇರಿದಂತೆ ಜೈರೋ ಜಾರುವುದನ್ನು, ಅಂದರೆ ತಿರುಗದಿದ್ದರೂ ತಿರುಗಿದಂತೆ ತೋರಿಸುವುದನ್ನು, ಹೇಗೆ ಹಿಡಿದೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಆನೆ ದಾಟಲಿ ಎಂದು ಕಾರು ನಿಲ್ಲಿಸಿದಾಗ ಜೈರೋ ಏನು ಹೇಳುತ್ತದೆ ನೋಡಿ, ಅರ್ಧ ಉತ್ತರ ಅಲ್ಲಿದೆ.

ಈಗ ತೋಟದ ದಾರಿಗಳಲ್ಲಿ ಪರೀಕ್ಷೆ ನಡೆದಿದೆ. ಕವಲು ಬಂದರೆ ಎರಡೂ ದಾರಿಯಲ್ಲಿ ಒಂದೊಂದು ಬಾಣ ಓಡಿಸಿ, ಮುಂದಿನ ತಿರುವಿಗೆ ಹೊಂದದ್ದನ್ನು ಬಿಡುತ್ತೇನೆ. ಎರಡು ಕವಲೂ ಜೊತೆಜೊತೆಗೇ ಸಾಗುವ ಕಡೆ ಇನ್ನೂ ಆಗಿಲ್ಲ.