ಬಿಳಿಬಾಲದ ಕರಿ ಕಾಕಟೂ: ಕಾರ್ನಬಿಯೋ, ಬೋಡಿನ್ನೋ?

ಪರ್ತ್ ಸುತ್ತ ಬಿಳಿಬಾಲದ ಕರಿ ಕಾಕಟೂ ಕಂಡರೆ ಹೆಸರು ಹೇಳಲು ಅವಸರಪಡಬೇಡಿ. ಈ ಗಿಳಿ ಬಳಗದ ಹಕ್ಕಿಯಲ್ಲಿ ಕಾರ್ನಬಿ, ಬೋಡಿನ್ ಎಂಬ ಎರಡು ಬಗೆ; ಎರಡೂ ನೈಋತ್ಯ ಆಸ್ಟ್ರೇಲಿಯಾದವೇ. ಹಾರುವಾಗ ಬೇರ್ಪಡಿಸುವ ಸಾಹಸಕ್ಕೆ ನಾನಂತೂ ಹೋಗುವುದಿಲ್ಲ.

ಕುಳಿತ ಹಕ್ಕಿಯ ಕೊಕ್ಕನ್ನು ಪಕ್ಕದಿಂದ ನೋಡಿ. ಬೋಡಿನ್‌ನದು ನೀಳ, ಕಿರಿದು. ಕಾರ್ನಬಿಯದು ಗಿಡ್ಡ, ಅಗಲ. ಕೊಕ್ಕು ಎಲೆಮರೆಯಾದರೆ ಮರದಡಿ ಬಿದ್ದ ಮ್ಯಾರಿ (ನೀಲಗಿರಿ ಬಳಗದ ಮರ) ಕಾಯಿಗಳನ್ನು ಆರಿಸಿ ನೋಡಿ. ಬೋಡಿನ್ ಕೊಕ್ಕಿನ ತುದಿಯನ್ನು ಒಳಗಿಳಿಸಿ ಬೀಜ ಕೀಳುವುದರಿಂದ ಕಾಯಿ ಹೆಚ್ಚುಕಡಿಮೆ ಇಡಿಯಾಗಿ ಉಳಿದಿರುತ್ತದೆ. ಬ್ಯಾಂಕ್ಸಿಯಾ (ಅಲ್ಲಿನ ಒಂದು ಗಿಡ), ಪೈನ್ ಕಾಯಿಗಳನ್ನು ಚೂರುಮಾಡುತ್ತಿದ್ದರೆ ಕಾರ್ನಬಿಯ ಸಾಧ್ಯತೆ ಹೆಚ್ಚು. ಗಂಡಿನ ಕಣ್ಣಸುತ್ತ ಗುಲಾಬಿ ಉಂಗುರ, ಹೆಣ್ಣಿಗೆ ಬೂದು. ಇದು ಎರಡರಲ್ಲೂ ಒಂದೇ.

ಕಾರ್ನಬಿಗೆ ವೈಜ್ಞಾನಿಕ ಹೆಸರು ಬಂದದ್ದೇ 1948ರಲ್ಲಿ, ಅದೂ ಬೋಡಿನ್‌ನ ಉಪಪ್ರಭೇದವಾಗಿ! ಈಗ ಎರಡೂ ಝಾಂಡಾ ಕುಲದ ಪ್ರತ್ಯೇಕ ಪ್ರಭೇದಗಳು. ಕಾರ್ನಬಿ ಹೆಚ್ಚಾಗಿ ಗೋಧಿ ಬೆಳೆಯುವ ಒಳನಾಡಿನ ಹಳೆಯ ಮರಗಳ ಪೊಟರೆಯಲ್ಲಿ ಮರಿಮಾಡುತ್ತದೆ. ಆ ಪೊಟರೆಯ ಹತ್ತಿರ ಮಾತ್ರ ಸುಳಿಯಬೇಡಿ.