ನಿಮ್ಮ ಗಡ್ಡಕ್ಕೆ ಒಗ್ಗುವ ಬ್ಲೇಡ್ ಹುಡುಕುವುದು ಹೇಗೆ?

ನನ್ನ ಅಕ್ಕನ ಮಗ ಹುಬ್ಬಳ್ಳಿಯಿಂದ ಪುಣೆಗೆ ಕೆಲಸಕ್ಕೆ ಬಂದು ಎರಡು ವರ್ಷ ಆಯಿತು. ವಾಘೋಲಿಯಲ್ಲಿ ರೂಮು. ರಜೆ ಸಿಕ್ಕರೆ ಮುಂಬಯಿಯ ಮುಲುಂಡಿನ ನಮ್ಮ ಮನೆಗೆ ಬರುತ್ತಾನೆ. ಒಂದು ಸಲ ಬಂದಾಗ ನೋಡಿದರೆ ಕತ್ತಿನ ತುಂಬಾ ಕೆಂಪು ಗುಳ್ಳೆ. ಬ್ಯಾಗಿನಿಂದ ಸೇಫ್ಟಿ ರೇಜರಿಗೆ ಹಾಕುವ ಎರಡಲಗಿನ ಬ್ಲೇಡಿನ ಏಳು ಥರದ ಪ್ಯಾಕೆಟ್ ತೆಗೆದು ಟೇಬಲ್ ಮೇಲೆ ಸುರಿದ. "ಮಾಮಾ, ಏಳೂ ನೋಡೀನಿ, ಎಲ್ಲಾ ಉರೀತಾವ" ಅಂದ. ಎಷ್ಟು ದಿನದಲ್ಲಿ ನೋಡಿದೆ ಅಂತ ಕೇಳಿದೆ. "ಏಳು ದಿನದಾಗ."

ಬಹಳ ಜನ ಎಡವುವುದು ಇಲ್ಲೇ. ದಿನಕ್ಕೊಂದು ಬ್ಲೇಡ್, ಒಂದು ದಿನ ಕ್ರೀಮು, ಇನ್ನೊಂದು ದಿನ ಡಬ್ಬಿಯ ಫೋಮು, ನಡುವೆ ಎರಡು ದಿನ ಗಡ್ಡ ಬಿಟ್ಟು ಮೂರನೇ ದಿನ ಆಫೀಸಿಗೆ ಲೇಟಾಯಿತು ಅಂತ ಅವಸರದಲ್ಲಿ ಗೀರಿಕೊಂಡು, ಕೊನೆಗೆ ಬ್ಲೇಡೇ ಸರಿ ಇಲ್ಲ ಅನ್ನುವುದು. ಹೀಗೆ ಮಾಡಿದರೆ ಬ್ಲೇಡಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಗೆಳೆಯನಿಗೆ ಬೆಣ್ಣೆಯಂತೆ ಓಡುವ ಬ್ಲೇಡ್ ನಿಮ್ಮ ಕತ್ತು ಕೆರೆಯಬಹುದು. ಕೂದಲಿನ ದಪ್ಪ, ಚರ್ಮ, ರೇಜರ್ ಎಲ್ಲಾ ಬೇರೆ ಬೇರೆ ಅಲ್ವಾ? ಅದಕ್ಕೇ ನಾವೇ ಕೂತು ನೋಡಬೇಕು, ಸಮಾಧಾನದಿಂದ.

ನಾಲ್ಕೇ ಸಾಕು

ಏಳೆಂಟು ಬ್ಲೇಡ್ ಬೇಡ, ಮೊದಲನೆಯದು ಹೇಗಿತ್ತು ಅನ್ನುವುದೇ ಮರೆತುಹೋಗುತ್ತದೆ. ನಾಲ್ಕು ತಗೊಳ್ಳಿ. ಒಂದು ತುಂಬಾ ಹರಿತ, ಒಂದು ಮೆತ್ತಗಿನದು, ಎರಡು ನಡುವಿನವು. ಹರಿತಕ್ಕೆ ಜಪಾನಿನ ಫೆದರ್, ಮೆತ್ತಗಿನದಕ್ಕೆ ಟರ್ಕಿಯ ಡರ್ಬಿ, ನಡುವೆ ಜಿಲೆಟ್‌ನ ಸೆವೆನ್ ಓ ಕ್ಲಾಕ್, ಆಸ್ಟ್ರಾ, ವಿಲ್ಕಿನ್ಸನ್ ಸೋರ್ಡ್, ಇವುಗಳಲ್ಲಿ ಯಾವುದಾದರೂ ಎರಡು. ಸೇಫ್ಟಿ ರೇಜರ್‌ಗೆ ಹೊಸಬರಾದರೆ ಫೆದರನ್ನು ಕೊನೆಗೆ ಇಡಿ. ಕೈ ಪಳಗುವ ಮೊದಲು ಅದನ್ನು ಹಿಡಿದರೆ ರಕ್ತ ಬರುವುದು ಖಂಡಿತ.

ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂತ ಮಾತ್ರ ತರಬೇಡಿ. ನಾನು ಒಮ್ಮೆ ತಂದಿದ್ದೆ. ಒಳಗಿನ ಕಾಗದದ ಅಕ್ಷರ ಮಸುಕಾಗಿತ್ತು, ಬ್ಲೇಡಿನ ಮೇಲಿನ ಅಚ್ಚು ಓರೆಯಾಗಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಅಂಚು ಗರಗಸದ ಹಾಗಿತ್ತು. ನಕಲಿ ಮಾಲು. ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ.

ಬ್ಲೇಡ್ ಬಿಟ್ಟು ಬೇರೇನೂ ಬದಲಾಗಬಾರದು

ರೇಜರ್ ಒಂದೇ, ಸೋಪು ಒಂದೇ, ಬ್ರಶ್ ಒಂದೇ, ಹೊತ್ತೂ ಒಂದೇ ಇರಲಿ. ದಿನ ಬಿಟ್ಟು ದಿನ ಶೇವ್ ಮಾಡುವವರು ಪರೀಕ್ಷೆ ಮುಗಿಯುವ ತನಕ ಹಾಗೇ ಮಾಡಿ. ಒಂದು ದಿನದ ಗಡ್ಡಕ್ಕೂ ಮೂರು ದಿನದ ಗಡ್ಡಕ್ಕೂ ಬ್ಲೇಡ್ ಒಂದೇ ಥರ ಓಡುವುದಿಲ್ಲ.

ನೀರು ಯಾರ ತಲೆಗೂ ಹೊಳೆಯುವುದಿಲ್ಲ. ಅಕ್ಕನ ಮಗನ ಏಳು ಬ್ಲೇಡಿನಲ್ಲಿ ಒಂದನ್ನು ನಮ್ಮ ಮನೆಯಲ್ಲೇ ಹಾಕಿಸಿ, ನನ್ನ ಸೋಪಿನಲ್ಲಿ ಶೇವ್ ಮಾಡಿಸಿದೆ. ಉರಿಯೇ ಇಲ್ಲ! ಅವನಿಗೇ ಆಶ್ಚರ್ಯ. ಮುಂಬಯಿ ನಲ್ಲಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳ ಮಳೆನೀರು, ಮೆದುವಾದದ್ದು. ಅವನ ಬಿಲ್ಡಿಂಗಿಗೆ ಬರುವುದು ಟ್ಯಾಂಕರಿನ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಜಿಡ್ಡಾಗುತ್ತದೆ, ನೊರೆ ಏಳುವುದಿಲ್ಲ, ಎದ್ದದ್ದೂ ಅರ್ಧ ನಿಮಿಷದಲ್ಲಿ ಒಣಗುತ್ತದೆ. ಒಣ ಚರ್ಮದ ಮೇಲೆ ಯಾವ ಬ್ಲೇಡ್ ಎಳೆದರೂ ಉರಿಯಲೇಬೇಕು. ಈಗ ಅವನು ನೊರೆಗೆ ಮಾತ್ರ ಒಂದು ಲೋಟ ಆರ್‌ಓ ಫಿಲ್ಟರಿನ ನೀರು ಇಟ್ಟುಕೊಳ್ಳುತ್ತಾನೆ. ಟ್ಯಾಂಕರ್ ನೀರಿನವರು ನೀವೂ ಹಾಗೇ ಮಾಡಿ.

ಡಬ್ಬಿಯಿಂದ ಬುಸ್ ಅನ್ನುವ ಫೋಮ್ ಈ ಕೆಲಸಕ್ಕೆ ಬೇಡವೇ ಬೇಡ. ಅದರಲ್ಲಿ ಗಾಳಿ ಜಾಸ್ತಿ, ನೀರು ಕಡಿಮೆ. ಸೋಪು ಅಥವಾ ಟ್ಯೂಬಿನ ಕ್ರೀಮು, ಒಂದು ಬ್ರಶ್, ಇಷ್ಟೇ.

ಶೇವ್ ಮಾಡುವಾಗ ಏನು ನೋಡಬೇಕು

ಇಲ್ಲಿ ಅವಸರ ಮಾಡಬೇಡಿ. ಮೊದಲು ಗಡ್ಡವನ್ನು ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆಸಿ. ಸ್ನಾನದ ನಂತರ ಶೇವ್ ಮಾಡಿದರೆ ಇನ್ನೂ ಒಳ್ಳೆಯದು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು, ಆದರೂ ಬ್ಲೇಡನ್ನು ಹಾಳು ಮಾಡುವುದು ಅದೇ. ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದವರು 2020ರಲ್ಲಿ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ್ದಾರೆ. ಅಂಚು ಸುಮ್ನೆ ಸವೆಯುವುದಲ್ಲ, ಕೂದಲು ತಾಗಿದ ಕಡೆ ಸಣ್ಣ ಸಣ್ಣ ಚಕ್ಕೆ ಏಳುತ್ತದೆ. ನೆನೆದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸಿಹೋಗುತ್ತದೆ.

ಬ್ಲೇಡನ್ನು ಅಲಗು ಇಲ್ಲದ ಎರಡು ಬದಿಯಲ್ಲಿ ಹಿಡಿದು ಹಾಕಿ, ಬಿಗಿ ಮಾಡಿ. ಎರಡೂ ಕಡೆ ಅಲಗು ಸಮನಾಗಿ ಹೊರಗೆ ಕಾಣಬೇಕು. ಒಂದು ಕಡೆ ಜಾಸ್ತಿ ಕಂಡರೆ ಬಿಚ್ಚಿ ಮತ್ತೆ ಹಾಕಿ. ಓರೆಯಾಗಿ ಕೂತ ಒಳ್ಳೆಯ ಬ್ಲೇಡ್ ಕೆಟ್ಟ ಬ್ಲೇಡಿನ ಹಾಗೇ ಕೆರೆಯುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಅವರ ಕೈಯಲ್ಲೇ ಬ್ಲೇಡ್ ಹಾಕಿಸಿ, ಯಾವುದು ಅಂತ ಅವರು ಹೇಳದೆ ಬರೆದಿಟ್ಟುಕೊಳ್ಳಲಿ. ಹೆಸರು ಕಂಡರೆ ಮನಸ್ಸು ಮೊದಲೇ ತೀರ್ಮಾನ ಮಾಡಿಬಿಡುತ್ತದೆ.

ರೇಜರ್ ಹಿಡಿಯನ್ನು ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಒತ್ತಬೇಡಿ. ರೇಜರಿನ ತೂಕವೇ ಕೆಲಸ ಮಾಡಲಿ. ಹಲವು ಅಲಗಿನ ಕಾರ್ಟ್ರಿಜ್ ಬಳಸಿ ಅಭ್ಯಾಸ ಇರುವವರು ಎಲ್ಲರೂ ಒತ್ತುತ್ತಾರೆ, ಆಮೇಲೆ ಚರ್ಮ ಸುಲಿಯಿತು ಅಂತ ಬ್ಲೇಡನ್ನು ಬೈಯುತ್ತಾರೆ.

ಕೆನ್ನೆಯ ಮೇಲೆ ಎಲ್ಲಾ ಬ್ಲೇಡೂ ಚೆನ್ನಾಗಿಯೇ ಓಡುತ್ತದೆ, ಅದನ್ನು ನೋಡಿ ಮಾರ್ಕ್ಸ್ ಕೊಡಬೇಡಿ. ನೋಡಬೇಕಾದದ್ದು ಮೀಸೆಯ ಜಾಗ ಮತ್ತು ದವಡೆಯ ಕೆಳಗೆ. ಮೂಗಿನ ಕೆಳಗಿನ ಕೂದಲು ದಪ್ಪ, ಬ್ಲೇಡ್ ಮೊಂಡಾಗಿದ್ದರೆ ಒಂದೊಂದೇ ಕೂದಲನ್ನು ಹಿಡಿದು ಎಳೆದ ಹಾಗೆ ಆಗಿ ಕಣ್ಣಲ್ಲಿ ನೀರು ಬರುತ್ತದೆ. ಅಂದರೆ ಹರಿತ ಸಾಲದು. ಕತ್ತಿನಲ್ಲಿ ಕೂದಲು ದಿಕ್ಕು ದಿಕ್ಕಿಗೆ ಬೆಳೆದಿರುತ್ತದೆ, ಚರ್ಮ ತೆಳು. ಅಲ್ಲಿ ಬ್ಲೇಡ್ ಸಲೀಸಾಗಿ ಓಡಿ ಆಮೇಲೆ ಉರಿದರೆ, ಹರಿತ ಇದೆ ಆದರೆ ನಿಮ್ಮ ಚರ್ಮಕ್ಕೆ ಒರಟು. ಹರಿತ ಬೇರೆ, ನಯ ಬೇರೆ. ನಮಗೆ ಎರಡೂ ಬೇಕು.

ಸದ್ದನ್ನೂ ಕೇಳಿ. ಫ್ಯಾನ್ ಆರಿಸಿ, ನಲ್ಲಿ ನಿಲ್ಲಿಸಿ. ಹರಿತದ ಬ್ಲೇಡ್ ಕೂದಲು ಕತ್ತರಿಸುವಾಗ ಚರ್ ಅಂತ ಒಂದೇ ಸಮ ಸದ್ದು ಬರುತ್ತದೆ. ಅದು ತಡೆ ತಡೆದು ಬಂದರೆ ಬ್ಲೇಡ್ ಹಾರುತ್ತಾ ಹೋಗುತ್ತಿದೆ ಅಂತ ಅರ್ಥ.

ಶೇವ್ ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು ಪಟಿಕದ ತುಂಡು ಸವರಿ. ಇಲ್ಲಿ ಯಾವ ಕಿರಾಣಿ ಅಂಗಡಿಯಲ್ಲಿ ತುರಟಿ ಅಂತ ಕೇಳಿದರೂ ಕೊಡುತ್ತಾರೆ. ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ಚರ್ಮ ತರಚಿದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ನೇರವಾಗಿ ಹೇಳುವ ಪರೀಕ್ಷೆ ಇಲ್ಲ. ಎರಡನೇ ಪರೀಕ್ಷೆ ಲೋಕಲ್ ಟ್ರೇನಿನಲ್ಲಿ: ಮುಲುಂಡಿನಲ್ಲಿ ಹತ್ತಿ ಘಾಟ್‌ಕೋಪರ್ ಬರುವಷ್ಟರಲ್ಲಿ ಕತ್ತಿನ ಮೇಲೆ ಬೆವರು ಇಳಿಯುತ್ತದೆ. ಕಾಲರ್ ಒಳಗೆ ಆಗ ಉರಿದರೆ ಬರೆದಿಡಿ. ಎಳೆತ, ಉರಿ, ನುಣುಪು, ಈ ಮೂರಕ್ಕೂ ಐದಕ್ಕೆ ಎಷ್ಟು ಅಂತ ಹಾಕಿದರೆ ಆಯಿತು.

ಒಂದು ಬ್ಲೇಡಿಗೆ ಎಷ್ಟು ದಿನ?

ಕಡಿಮೆ ಅಂದರೆ ನಾಲ್ಕು ಶೇವ್. ಮೊದಲ ಶೇವ್ ನೋಡಿ ಎಸೆಯಬೇಡಿ. ಅಂಚಿನ ಮೇಲೆ ಜಾರಲಿ ಅಂತ ಟೆಫ್ಲಾನಿನಂಥ ತೆಳು ಲೇಪ ಹಾಕಿರುತ್ತಾರೆ. ಕೆಲವು ಬ್ಲೇಡ್ ಮೊದಲ ದಿನ ಸ್ವಲ್ಪ ಎಳೆದು ಎರಡನೇ ದಿನ ಮೆತ್ತಗಾಗುತ್ತದೆ. ಕೆಲವು ಮೊದಲ ದಿನ ಸೊಗಸಾಗಿದ್ದು ಮೂರನೇ ದಿನಕ್ಕೆ ಕೈ ಕೊಡುತ್ತದೆ. ಚೆನ್ನಾಗಿ ಓಡುತ್ತಿದ್ದ ಬ್ಲೇಡ್ ಎಳೆಯಲು ಶುರುವಾದ ದಿನವೇ ಅದನ್ನು ತೆಗೆಯಿರಿ. ಇನ್ನೊಂದು ದಿನ ಓಡಿಸೋಣ ಅಂದರೆ ಗಾಯ ಆಗುವುದು ಆವತ್ತೇ.

ಬ್ಲೇಡನ್ನು ಟವೆಲಿನಿಂದ ಒರೆಸಬೇಡಿ. ನಮ್ಮ ಅಪ್ಪ ದಿನಾ ಬಿಚ್ಚಿ ಒರೆಸಿ ಕಾಗದದಲ್ಲಿ ಸುತ್ತಿಡುತ್ತಿದ್ದರು. ಆಗಿನ ಕಾರ್ಬನ್ ಉಕ್ಕಿನ ಬ್ಲೇಡಿಗೆ ಅದು ಸರಿ, ನೀರು ನಿಂತರೆ ತುಕ್ಕು ಹಿಡಿಯುತ್ತಿತ್ತು. 1960ರ ದಶಕದಲ್ಲಿ ಸ್ಟೇನ್‌ಲೆಸ್ ಬ್ಲೇಡ್ ಬಂದ ಮೇಲೆ ಆ ಕಷ್ಟ ಕಡಿಮೆಯಾಯಿತು. ಈಗ ಒರೆಸಿದರೆ ಲೇಪ ಹೋಗಿ ಅಂಚು ಕೆಡುತ್ತದೆ. ನೀರಿನಲ್ಲಿ ಆಡಿಸಿ, ಕೊಡವಿ, ಗಾಳಿಗೆ ಇಡಿ, ಸಾಕು. ಜುಲೈ ತಿಂಗಳ ಮುಂಬಯಿಯಲ್ಲಿ ಮಾತ್ರ ರೇಜರನ್ನು ಬಾತ್‌ರೂಮಿನಿಂದ ಹೊರಗೆ ಇಡಿ. ಅಂಗೈಗೋ ಜೀನ್ಸಿಗೋ ತಿಕ್ಕಿ ಹರಿತ ಮಾಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಈ ಬ್ಲೇಡಿಗೆ ಅದು ಬೇಡ, ಅಂಗೈ ಅಂತೂ ಬೇಡವೇ ಬೇಡ.

ನಾಲ್ಕೂ ಮುಗಿದ ಮೇಲೆ ಮೊದಲನೆಯದರಲ್ಲಿ ಹೊಸದೊಂದು ತೆಗೆದು ಮತ್ತೆ ನೋಡಿ. ಅಷ್ಟು ಹೊತ್ತಿಗೆ ನಿಮ್ಮ ಕೈ ಪಳಗಿರುತ್ತದೆ, ಮೊದಲು ಕೊಟ್ಟ ಮಾರ್ಕ್ಸ್ ಬದಲಾಗಬಹುದು. ನನ್ನ ಅಕ್ಕನ ಮಗನಿಗೆ ಹಾಗೇ ಆಯಿತು. ಶುರುವಿನಲ್ಲಿ ಎರಡು ಮಾರ್ಕ್ಸ್ ಕೊಟ್ಟ ಬ್ಲೇಡನ್ನೇ ಈಗ ತಿಂಗಳುಗಟ್ಟಲೆ ಬಳಸುತ್ತಿದ್ದಾನೆ. ಎರಡು ಬ್ಲೇಡ್ ಒಟ್ಟಿನಲ್ಲಿ ಸಮ ಬಂದರೆ ಉರಿ ಕಡಿಮೆ ಇರುವುದನ್ನೇ ಆರಿಸಿ, ಸ್ವಲ್ಪ ಗಡ್ಡ ಉಳಿದರೂ ಪರವಾಗಿಲ್ಲ.

ತೆಗೆದ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೇ ಹಾಕಬೇಡಿ. ಬೆಳಿಗ್ಗೆ ಕಸ ಒಯ್ಯುವವರು ಅದನ್ನು ಬರಿಗೈಯಲ್ಲಿ ಬೇರೆ ಮಾಡುತ್ತಾರೆ. ಒಂದು ತಗಡಿನ ಡಬ್ಬಿಗೆ ಸಣ್ಣ ಸೀಳು ಮಾಡಿ ಅದರೊಳಗೆ ಹಾಕುತ್ತಾ ಹೋಗಿ. ತುಂಬಿದ ಮೇಲೆ ಬಾಯಿಗೆ ಟೇಪ್ ಸುತ್ತಿ, ಮೇಲೆ ಮರಾಠಿಯಲ್ಲೂ ಬ್ಲೇಡ್ ಅಂತ ದಪ್ಪಗೆ ಬರೆದು, ಅವರ ಕೈಗೇ ಹೇಳಿ ಕೊಡಿ.