ಮೊದಲ ಚಾಕು ಮಾಡೋರು ಸುತ್ತಿಗೆಗಿಂತ ಮುಂಚೆ ಅರ ಹಿಡೀರಿ

ಚಾಕು ಮಾಡೋದು ಕಲೀಬೇಕು ಅಂತ ಹೊರಟ ಹುಡುಗ್ರು ಮೊದ್ಲು ಕೇಳೋದೇ ಅಡಿಗಲ್ಲು (ಕಾದ ಕಬ್ಬಿಣ ಇಟ್ಟು ಬಡಿಯೋ ದಿಮ್ಮಿ) ಎಲ್ಲಿ ಸಿಗುತ್ತೆ, ಕುಲುಮೆ ಕಟ್ಟೋಕೆ ಎಷ್ಟು ಖರ್ಚು ಬರುತ್ತೆ ಅಂತ. ವಿಡಿಯೋದಲ್ಲಿ ಕಿಡಿ ಹಾರೋದು ನೋಡಿರ್ತಾರಲ್ಲ. ನಾನು ಹೇಳೋದು ಒಂದೇ, ಮೊದಲನೇ ಚಾಕುಗೆ ಬಡಿಯೋ ಕೆಲಸಾನೇ ಬೇಡ, ಉಕ್ಕಿನ ಪಟ್ಟಿ ಕತ್ತರಿಸಿ ಅರ ಹಾಕಿ ಆಕಾರ ತಗೀರಿ, ತಾಳ್ಮೆಯೆಲ್ಲ ಹದ ಹಾಕೋದಕ್ಕೆ, ಅಂದ್ರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡೋದಕ್ಕೆ, ಇಟ್ಕೊಳ್ರಿ. ಆಕಾರ ಸ್ವಲ್ಪ ಸೊಟ್ಟ ಆದ ಚಾಕೂನೂ ದುಡಿಯುತ್ತೆ, ಹದ ತಪ್ಪಿದ್ದು ನೋಡೋಕೆ ಎಷ್ಟೇ ಚೆಂದ ಇದ್ರೂ ದುಡಿಯಲ್ಲ.

ಇಲ್ಲಿ ಮಾಡ್ತಿರೋದು ಹಂಟಿಂಗ್ ನೈಫ್ ಅಂತಾರಲ್ಲ ಆ ಮಾದರಿ, ನಾಲ್ಕು ಇಂಚು ಅಲಗು, ನಾಲ್ಕೂವರೆ ಇಂಚು ಹಿಡಿ, ಬೆನ್ನು ಮೊನೆ ಕಡೆಗೆ ಮೆಲ್ಲಗೆ ಇಳಿದಿರುತ್ತೆ, ಹೊಟ್ಟೆ ದುಂಡಗೆ. ಹೆಸರಲ್ಲಿ ಬೇಟೆ ಐತೆ ಅಷ್ಟೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಕಾಡುಪ್ರಾಣಿ ಬೇಟೆ ಅಪರಾಧ, ನಮ್ಮ ಜಗಳೂರು ಕಡೆ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ (ನಾಲ್ಕು ಕೊಂಬಿನ ಹುಲ್ಲೆ) ಅಂತಾನೇ ಅಭಯಾರಣ್ಯ ಐತೆ, ಅವು ಅಲ್ಲಿ ನೆಮ್ಮದಿಯಾಗಿರಲಿ. ಈ ಆಕಾರ ಕುರಿ ಚರ್ಮ ಸುಲಿಯೋಕೆ, ಮಾಂಸ ಬಿಡಿಸೋಕೆ, ತೋಟದಲ್ಲಿ ಹಗ್ಗ, ಡ್ರಿಪ್ ಪೈಪು ಕೊಯ್ಯೋಕೆ ಹೇಳಿ ಮಾಡಿಸಿದಂಗೆ ಇರುತ್ತೆ.

ಮೊದ್ಲು ಉಕ್ಕು. ಮನೆ ಕಟ್ಟೋ ಟಿಎಂಟಿ ಕಂಬಿ, ಗೇಟಿನ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ ಎರಡೂ ಬೇಡ, ಅವುಗಳಲ್ಲಿ ಕಾರ್ಬನ್ ಕಮ್ಮಿ, ಎಷ್ಟು ಕಾಯಿಸಿ ಅದ್ದಿದ್ರೂ ಚಾಕುಗೆ ಬೇಕಾದಷ್ಟು ಗಟ್ಟಿ ಆಗಲ್ಲ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಹೈವೇ ಮೇಲಿರೋ ಊರು, ಗಾಡಿಗಳ ಕಮಾನು ಪಟ್ಟಿಗೆ (ಲೀಫ್ ಸ್ಪ್ರಿಂಗ್) ಬರ ಇಲ್ಲ. ಅದ್ರಲ್ಲಿ ಕಾರ್ಬನ್ ಸುಮಾರು 0.5ರಿಂದ 0.6 ಪರ್ಸೆಂಟ್ ಇರುತ್ತೆ, ಹೊಸಬರಿಗೆ ಅದು ಒಳ್ಳೇದು, ಸಣ್ಣಪುಟ್ಟ ತಪ್ಪು ಸಹಿಸುತ್ತೆ. ಲಾರಿದು ತುಂಬಾ ದಪ್ಪ, ಅರ ಹಾಕಿ ಹಾಕಿ ತೋಳು ಬಿದ್ದುಹೋಗುತ್ತೆ, ಅದಕ್ಕೆ ಸಣ್ಣ ಗೂಡ್ಸ್ ಗಾಡಿ ಪಟ್ಟಿ ಐದಾರು ಎಂಎಂದು ಹುಡುಕ್ರಿ. ಗುಜರಿ ಪಟ್ಟಿ ವರ್ಷಗಟ್ಟಲೆ ಬಳುಕಿ ಬಳುಕಿ ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರಬೋದು, ಕಷ್ಟಪಟ್ಟು ಆಕಾರ ತಗ್ದು ಎಣ್ಣೆಗೆ ಅದ್ದಿದಾಗ ಅದು ಟಣ್ ಅಂತ ಬಾಯಿ ಬಿಡುತ್ತೆ, ಹಂಗಾಗಿ ಕಮಾನು ರಿಪೇರಿ ಅಂಗಡೀಲಿ ಹೊಸ ಪಟ್ಟಿ ತುಂಡು ಸಿಕ್ಕಿದ್ರೆ ಕಾಸು ಕೊಟ್ಟು ಅದನ್ನೇ ತಗೊಳ್ರಿ. ಅನುಮಾನ ಇದ್ರೆ ಗ್ರೈಂಡರ್‌ಗೆ ಹಿಡಿದು ನೋಡ್ರಿ, ಎಂಎಸ್ ಕಿಡಿ ಉದ್ದಕ್ಕೆ ಗೆರೆ ಎಳೆದಂಗೆ ಹೋಗುತ್ತೆ, ಒಳ್ಳೆ ಉಕ್ಕಿನದು ತುದೀಲಿ ಸುರ್‌ಸುರ್‌ಬತ್ತಿ ತರ ಒಡೆದು ಚದುರುತ್ತೆ.

ಉಕ್ಕಿನ ವಿಚಾರದಲ್ಲಿ ನಮ್ಮ ಸೀಮೆ ಕಮ್ಮಿ ಏನಲ್ಲ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳೀಲಿ ಹಿಂದೆ ಮಣ್ಣಿನ ಮೂಸೆಯೊಳಗೆ ಉಕ್ಕು ಕರಗಿಸ್ತಿದ್ರು, ಆ ಮೂಸೆ ಚೂರುಗಳನ್ನ ಸಂಶೋಧಕರು ಪರೀಕ್ಷೆ ಮಾಡಿ ಬರೆದಿದಾರೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕಣ್ಣಲ್ಲೇ ಬೆಂಕಿ ಅಳೆದೋರು ಅವ್ರು. ಊರಲ್ಲಿ ಕುಲುಮೆ ಇಟ್ಕೊಂಡಿರೋ ಕಮ್ಮಾರರು ಯಾರಾದ್ರೂ ಇದ್ರೆ ಹೋಗಿ ಒಂದಿನ ಸುಮ್ನೆ ಕೂತು ನೋಡ್ರಿ, ಅಣ್ಣಾ ನಂದೂ ಒಂದು ಕಾಯಿಸ್ಕೊಳ್ತೀನಿ ಅಂದ್ರೆ ಬೇಡ ಅನ್ನಲ್ಲ. ಅವ್ರ ಒಲೆ ಸಿಕ್ಕಿದ್ರೆ ನಿಮಗೆ ಕುಲುಮೆ ಖರ್ಚೇ ಇಲ್ಲ.

ಪಟ್ಟಿ ತಂದಮೇಲೆ ಅದನ್ನ ಮೆತ್ತಗೆ ಮಾಡ್ಬೇಕು, ಇಲ್ಲಾಂದ್ರೆ ಅರ ಹತ್ತಲ್ಲ. ಬಳ್ಳಾರಿ ಜಾಲಿ ಇದ್ದಿಲಲ್ಲಿ ಕೆಂಪಗೆ ಕಾಯಿಸ್ರಿ, ಅಯಸ್ಕಾಂತ ಹಿಡಿದ್ರೆ ಅಂಟಬಾರದು (ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟೋದು ಬಿಡುತ್ತೆ). ಬಾಗಿದ್ರೆ ಬಿಸಿ ಇದ್ದಾಗ್ಲೇ ತಟ್ಟಿ ನೇರ ಮಾಡಿ, ಇನ್ನೊಮ್ಮೆ ಕೆಂಪಗೆ ಕಾಯಿಸಿ ಒಣ ಬೂದಿಯೊಳಗೆ ಹೂತು ರಾತ್ರಿ ಬಿಟ್ಬಿಡ್ರಿ.

ರಟ್ಟಿನಲ್ಲಿ ಆಕಾರ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ, ಒಪ್ಪಿಗೆ ಆದ್ರೆ ಪಟ್ಟಿ ಮೇಲೆ ಗುರುತು ಹಾಕಿ ಆಕ್ಸಾ ಬ್ಲೇಡಲ್ಲೋ ಕಟಿಂಗ್ ವೀಲಲ್ಲೋ ಕೊಯ್ಕೊಳ್ರಿ. ಕನ್ನಡಕ, ಮಾಸ್ಕ್ ಬೇಕೇಬೇಕು, ಕಾಟನ್ ಬಟ್ಟೆ ಹಾಕ್ಕೊಳ್ರಿ, ಡ್ರಿಲ್ ಮಾಡೋವಾಗ ಗ್ಲೌಸ್ ಬೇಡ, ಸುತ್ಕೊಂಡ್ರೆ ಬೆರಳೇ ಹೋಗುತ್ತೆ. ಹಿಡಿಯ ತೂತುಗಳನ್ನ ಈಗ್ಲೇ ಕೊರೀಬೇಕು, ಹದ ಹಾಕಿದ ಮೇಲೆ ಸಾದಾ ಬಿಟ್ ಇಳಿಯಲ್ಲ.

ಬಾಯಿ ಬರೋ ಕಡೆ ನಡುಗೆರೆ ಎಳೆಯೋಕೆ ಸುಲಭದ ದಾರಿ ಐತೆ. ಪಟ್ಟಿ ಎಷ್ಟು ದಪ್ಪ ಐತೋ ಅಷ್ಟೇ ದಪ್ಪದ ಡ್ರಿಲ್ ಬಿಟ್ ತಗೊಂಡು, ಎರಡನ್ನೂ ಗಾಜಿನ ಮೇಲೆ ಮಲಗಿಸಿ, ಬಿಟ್ ಮೊನೆಯಿಂದ ಅಂಚಿಗೆ ಗೀರಿದ್ರೆ ಸರಿಯಾಗಿ ನಡುವೆ ಗೆರೆ ಬೀಳುತ್ತೆ. ಆಮೇಲೆ ವೈಸಿಗೆ (ಬಿಗಿಯಾಗಿ ಹಿಡಿಯೋ ಇಕ್ಕಳ) ಕಟ್ಟಿ ಎರಡೂ ಕಡೆ ಇಳಿಜಾರು ತಗೀತಾ ಬರ್ರಿ, ಒಂದೇ ಕಡೆ ಪೂರ್ತಿ ಮುಗಿಸ್ಬೇಡ್ರಿ, ಬದಲಿಸಿ ಬದಲಿಸಿ ಉಜ್ರಿ. ಬಾಯಿ ಈಗ್ಲೇ ಚೂಪು ಮಾಡೋ ಆಸೆ ಬರುತ್ತೆ, ಬೇಡ, ಒಂದು ಎಂಎಂ ದಪ್ಪ ಬಿಡ್ರಿ, ತೆಳುವಾದ್ರೆ ಎಣ್ಣೇಲಿ ಸೊಟ್ಟ ಆಗುತ್ತೆ ಇಲ್ಲಾ ಬಿರಿಯುತ್ತೆ. ಮೂಲೆಗಳನ್ನ ದುಂಡಗೆ ಮಾಡ್ರಿ, ಅಡ್ಡ ಗೀರುಗಳನ್ನ ಎಮರಿ ಪೇಪರಲ್ಲಿ ಉದ್ದುದ್ದಕ್ಕೆ ಉಜ್ಜಿ ತಗೀರಿ, ಬಿರುಕು ಶುರುವಾಗೋದೇ ಅಲ್ಲಿಂದ.

ಈಗ ಹದ. ಇದನ್ನ ಮಟಮಟ ಮಧ್ಯಾಹ್ನ ಮಾಡ್ಬೇಡ್ರಿ, ನಮ್ಮ ಕಡೆ ಬಿಸಿಲಲ್ಲಿ ಕೆಂಡದ ಬಣ್ಣಾನೇ ಗೊತ್ತಾಗಲ್ಲ, ಸಂಜೆ ಇಲ್ಲಾ ನೆರಳಲ್ಲಿ ಮಾಡ್ರಿ. ಮೊದ್ಲು ಮೂರು ಸಲ ಅಯಸ್ಕಾಂತ ಬಿಡೋ ಬಿಸಿಗಿಂತ ಸ್ವಲ್ಪ ಮೇಲೆ ಕಾಯಿಸಿ, ಪ್ರತಿ ಸಲ ಗಾಳೀಲಿ ಕಪ್ಪಗಾಗೋವರೆಗೂ ಆರಿಸ್ರಿ, ಒಳಗಿನ ಒತ್ತಡ ಇಳಿಯುತ್ತೆ, ಕಣ ಸಣ್ಣ ಆಗುತ್ತೆ. ಅದ್ದೋಕೆ ಎಣ್ಣೆ ಅಂದ್ರೆ ಶೇಂಗಾ ಎಣ್ಣೆ ಸಾಕು, ಅದಕ್ಕೇ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇಟ್ಕೊಂಡು ಬೇರೆ ಯಾಕೆ. ಸುಟ್ಟ ಇಂಜಿನ್ ಆಯಿಲ್ ಹೊಗೆ ವಿಷ, ಹತ್ರಕ್ಕೂ ತರಬೇಡ್ರಿ, ನೀರೂ ಬೇಡ, ಈ ಉಕ್ಕು ನೀರಲ್ಲಿ ಸೀಳುತ್ತೆ. ನಾಲ್ಕೈದು ಲೀಟರ್ ಎಣ್ಣೇನ ಕಬ್ಬಿಣದ ಡಬ್ಬೀಲಿ ಹಾಕಿ, ಒಂದು ತುಂಡು ಕಬ್ಬಿಣ ಕಾಯಿಸಿ ಅದ್ದಿ 50–60 ಡಿಗ್ರಿಗೆ ಬೆಚ್ಚಗೆ ಮಾಡ್ಕೊಳ್ರಿ, ತಣ್ಣಗಿನ ಎಣ್ಣೆಗಿಂತ ಬೆಚ್ಚಗಿನದು ತೆಳುವಾಗಿ ಬಿಸೀನ ಬೇಗ ಎಳೆಯುತ್ತೆ. ಪಕ್ಕದಲ್ಲಿ ಮರಳು, ಡಬ್ಬಿಗೆ ಮುಚ್ಚಳ ಇರಲೇಬೇಕು.

ಚಾಕುನ ಅಯಸ್ಕಾಂತ ಬಿಟ್ಟ ಮೇಲೆ ಇನ್ನೂ ಒಂಚೂರು ಹೆಚ್ಚು ಬಣ್ಣಕ್ಕೆ, ಅಂದ್ರೆ 830–860 ಡಿಗ್ರಿ ಹತ್ರ, ಮೊನೆಯಿಂದ ಹಿಡಿವರೆಗೂ ಒಂದೇ ತರ ಕೆಂಪಗಾಗೋವರೆಗೆ ಕಾಯಿಸ್ರಿ. ಮೊನೆ ತೆಳು, ಅದೇ ಮೊದ್ಲು ಸುಡುತ್ತೆ, ಮುಂದೆ ಹಿಂದೆ ಆಡಿಸ್ತಾ ಇರಿ. ತಗ್ದು ಎರಡು ಸೆಕೆಂಡೊಳಗೆ ಮೊನೆ ಕೆಳಗೆ ಮಾಡಿ ನೇರವಾಗಿ ಅದ್ದಿ, ಕೊಯ್ಯೋ ದಿಕ್ಕಲ್ಲಿ ಮಾತ್ರ ಅಲ್ಲಾಡಿಸ್ರಿ, ಅಕ್ಕಪಕ್ಕ ಆಡಿಸಿದ್ರೆ ಬಾಗುತ್ತೆ. ತಣ್ಣಗಾದ ಮೇಲೆ ಹಳೇ ಅರ ಎಳೆದು ನೋಡ್ರಿ, ಕಚ್ಚದೆ ಗಾಜಿನ ಮೇಲೆ ಜಾರಿದಂಗೆ ಜಾರಿದ್ರೆ ಗಟ್ಟಿ ಆಗಿದೆ. ಕೈಜಾರಿ ಬೀಳಿಸ್ಬೇಡ್ರಿ, ಈಗ ಅದು ಬಿದ್ರೆ ಮುರಿಯುತ್ತೆ.

ಆ ಪೆಡಸು ಇಳಿಸೋಕೆ ತಡ ಮಾಡದೆ ಮನೆ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ, ತಣ್ಣಗಾದ ಮೇಲೆ ಇನ್ನೆರಡು ಗಂಟೆ. ಓವನ್ ಗುಂಡಿಯ ನಂಬರ್ ನಂಬಬೇಡ್ರಿ, ಒಳಗೆ ಬೇರೆ ಥರ್ಮಾಮೀಟರ್ ಇಡ್ರಿ, ಟ್ರೇಗೆ ಮರಳು ತುಂಬಿ ಅದರ ಮೇಲೆ ಮಲಗಿಸ್ರಿ. ಮೊದ್ಲೇ ಉಜ್ಜಿ ಬೆಳ್ಳಗೆ ಮಾಡಿದ್ರೆ ಒಣಹುಲ್ಲಿನ ಬಣ್ಣ ಬರೋದು ಕಾಣುತ್ತೆ. ನೀಲಿಗೆ ತಿರುಗಿದ್ರೆ 300 ಡಿಗ್ರಿ ಹತ್ರ ಹೋಗಿದೆ ಅಂತ, ಬಾಯಿ ಮೆತ್ತಗಾಯ್ತು, ಮತ್ತೆ ಮೊದಲಿಂದ. ಮುಂದೆ ಸಾಣೆ ಹಿಡಿಯೋವಾಗ್ಲೂ ಇದೇ ಭಯ, ಬೆರಳಿಗೆ ಬಿಸಿ ತಟ್ಟಿದ ಕೂಡ್ಲೇ ನೀರಿಗೆ ಅದ್ದಿ.

ಹಿಡಿಗೆ ಎರಡೂ ಕಡೆ ಕರಿಜಾಲಿ ಇಲ್ಲಾ ಹುಣಸೆ ಮರದ ತುಂಡು, ಚೆನ್ನಾಗಿ ಒಣಗಿರಬೇಕು. ಅಲಗಿನ ಕಡೆ ಬರೋ ಮರದ ತುದೀನ ಅಂಟಿಸೋ ಮುಂಚೆನೇ ನಯ ಮಾಡ್ರಿ, ಆಮೇಲೆ ಅಲಗಿಗೆ ಗೀರು ಬೀಳದಂಗೆ ಮಾಡೋಕಾಗಲ್ಲ. ತಿನ್ನರ್‌ನಲ್ಲಿ ಒರೆಸಿ, ಅರಾಲ್ಡೈಟ್ ಹಚ್ಚಿ, ತೂತುಗಳಿಗೆ ಹಿತ್ತಾಳೆ ಕಡ್ಡಿ ಹಾಕಿ, ಕ್ಲಾಂಪ್ ಬಿಗಿದು ಒಂದಿನ ಬಿಡ್ರಿ. ಕ್ಲಾಂಪ್ ವಿಪರೀತ ಬಿಗಿದ್ರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯಲ್ಲ. ಒಣಗಿದ ಮೇಲೆ ಕೈಗೆ ಕೂರೋ ತರ ಉಜ್ಜಿ ಅಗಸೆ ಎಣ್ಣೆ ಹಚ್ರಿ, ಸಾಕು.

ಸಾಣೆಕಲ್ಲಲ್ಲಿ ಪ್ರತಿ ಕಡೆ 20 ಡಿಗ್ರಿ ಹತ್ರ ಹಿಡಿದು ಬಾಯಿ ಮಾಡ್ರಿ. ಒರೆ ಬೇಕಾದ್ರೆ ಚಪ್ಪಲಿ ಹೊಲಿಯೋರ ಹತ್ರ ದಪ್ಪ ಚರ್ಮದಲ್ಲಿ ಹೊಲಿಸ್ಕೊಳ್ರಿ, ಆದ್ರೆ ಒರೆಯೊಳಗೇ ತಿಂಗಳುಗಟ್ಟಲೆ ಇಟ್ರೆ ತುಕ್ಕು ಹಿಡಿಯುತ್ತೆ, ಒರೆಸಿ ಎಣ್ಣೆ ಸವರಿ ಹೊರಗಿಡ್ರಿ. ಸೊಂಟಕ್ಕೆ ಕಟ್ಕೊಂಡು ಬಸ್ ಹತ್ತೋದು, ಜಾತ್ರೆಗೆ ಹೋಗೋದು ಬೇಡ, ತೋಟದ ಸಾಮಾನು ತೋಟದಲ್ಲಿರಲಿ. ಮನೆ, ಹೊಲದ ಕೆಲಸದ್ದಲ್ಲದ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲದ ಅಲಗು ಆಯುಧ ಕಾಯ್ದೆ ನಿಯಮಗಳ ಲೆಕ್ಕಕ್ಕೆ ಬರುತ್ತೆ, ದೊಡ್ಡದು ಮಾಡೋ ಆಸೆ ಇರೋರಿಗೆ ಇದು ಗೊತ್ತಿರಲಿ.

ಹದ ಸರಿ ಬಂದಿದ್ಯೋ ಇಲ್ವೋ ನೋಡೋಕೆ ಉಳಿದ ಹಿತ್ತಾಳೆ ಕಡ್ಡೀನ ವೈಸಿಗೆ ಕಟ್ಟಿ, ಬಾಯಿನ ಅದ್ರ ಮೇಲೆ ಓರೆಯಾಗಿ ಒತ್ತಿ ಎಳೀರಿ. ಅಂಚು ಬಳುಕಿ ವಾಪಸ್ ಬಂದ್ರೆ ಹದ ಕೂತಿದೆ. ಬಳುಕಿದ್ದು ಹಂಗೇ ನಿಂತ್ರೆ ಮೆತ್ತಗಾಗಿದೆ, ಹಿಡಿ ಬಿಚ್ಚಿ ಮತ್ತೆ ಕಾಯಿಸಿ ಅದ್ದಬೇಕು. ಚೂರು ಉದುರಿದ್ರೆ ಗಟ್ಟಿ ಜಾಸ್ತಿ, ಅಂಟು ಆ ಬಿಸಿ ತಡೆಯಲ್ಲ ಅಂತ ಇಲ್ಲೂ ಹಿಡಿ ಬಿಚ್ಚಲೇಬೇಕು, ಆದ್ರೆ ಓವನ್‌ನಲ್ಲಿ 15–20 ಡಿಗ್ರಿ ಏರಿಸಿ ಇನ್ನೊಂದು ಸಲ ಇಟ್ರೆ ಸರಿ ಹೋಗುತ್ತೆ. ಈ ಪರೀಕ್ಷೇನ ಹಿಡಿ ಅಂಟಿಸೋ ಮುಂಚೆನೇ ಮಾಡ್ಕೊಂಡ್ರೆ ಬಿಚ್ಚೋ ಕೆಲಸಾನೇ ಬರಲ್ಲ, ಅಲಗಿಗೆ ತಾತ್ಕಾಲಿಕವಾಗಿ ಬಾಯಿ ತಗ್ದು, ಬಾಲಕ್ಕೆ (ಹಿಡಿ ಕೂರೋ ಉಕ್ಕಿನ ಭಾಗ) ಬಟ್ಟೆ ಸುತ್ಕೊಂಡು ಹಿಡಿದು ನೋಡಿದ್ರೆ ಆಯ್ತು.